ಹದಿನೆಂಟನೆಯ ದಿನ

ಹದಿನೇಳು ದಿನ ನೆಲ ಒಣಗಿತ್ತು.
ಕ್ಯಾಲೆಂಡರಿನಲ್ಲಿ ಹದಿನೇಳು ಗೀಟು ಎಳೆದಿದ್ದಳು ಐಲಿ,
ಫಿನ್ಲೆಂಡಿನ ಓಲು ಪಟ್ಟಣದ ನಾಲ್ಕನೆಯ ಮಹಡಿಯಲ್ಲಿ.
ಆಮೇಲೆ ಹಿಮ ಬಿತ್ತು,
ನಪ್ಪಿಯ ಹೊಟ್ಟೆಗಿಂತ ಎತ್ತರ.

ಕೆಳಗಿಳಿದು, ಸಲಿಕೆಯಲ್ಲಿ ಕೆರೆದು
ತಟ್ಟೆಯಗಲ ಹುಲ್ಲು ತೋರಿಸಿದಳು.
ಮೂಸಿತು. ಮುಂಗಾಲು ಎತ್ತಿ ಹಿಡಿದು ಯೋಚಿಸಿತು.
ಅವಳ ಮುಖ ನೋಡಿತು.
ಮೇಲೆ ಬಂದು ಬೂಟು ಬಿಚ್ಚುವಷ್ಟರಲ್ಲಿ
ಜಮಖಾನೆಯ ಮೇಲೆ
ಬೆಚ್ಚಗೆ ಒಂದು ಕೊಳ.

ಬೈಗುಳ ನಾಲಿಗೆಯ ತುದಿಗೆ ಬಂದಿತ್ತು.
ಮೊನ್ನೆ ಬ್ಯಾಂಕಿನ ಸಾಲಿನಲ್ಲಿ ಕೆಮ್ಮು ಬಂದು
ತನಗೂ ಎರಡು ಹನಿ ಜಾರಿದ್ದು ನೆನಪಾಯಿತು.
ಯಾರೂ ಮೂತಿ ಹಿಡಿದು
ನೆಲಕ್ಕೆ ತಿಕ್ಕಿರಲಿಲ್ಲ.

ವಿನೆಗರ್ ಸುರಿದು ಒರೆಸಿದಳು; ಮಂಡಿ ಕಟಕಟ ಎಂದಿತು.
ಸೋಫಾದಡಿಯಿಂದ ಎರಡು ಕಣ್ಣು.
"ಬಾರೋ, ಏನೂ ಆಗಿಲ್ಲ."

ಸಲಿಕೆಯನ್ನು ಮಾತ್ರ
ಬಾಗಿಲ ಹತ್ತಿರವೇ ಇಟ್ಟಳು.