ಮೂವತ್ತು ಸೆಂಟಿಮೀಟರಿಗೆ ಎಷ್ಟು ಪೆಟ್ಟು

ಗುಂಡಿನ ತೂಕ ಅರವತ್ಮೂರೂವರೆ ಕೆಜಿ.
ಮುಕ್ಕಾಲು ಮೀಟರು ಎತ್ತಿ ಬಿಡಬೇಕು, ತಳ್ಳಬಾರದು.
ಕೊಳವೆ ಮೂವತ್ತು ಸೆಂಟಿಮೀಟರು ಇಳಿಯುವ ತನಕ
ಬಿದ್ದ ಪೆಟ್ಟು ಎಣಿಸಿ ಬರೆಯುವುದು:
ಇದಿಷ್ಟೇ ನನ್ನ ನೌಕರಿ.
ಯಾರೇ ಕರೆಯಲಿ, ಕೊನೆಗೆ ಕೇಳುವುದು ಒಂದೇ ಮಾತು,
'ಮಸ್ತಾನವಲಿ, ನೆಲ ಏನಂತು?'

ಈ ಸಲ ಕೇಳಿದವರು ಫುಟ್‌ಬಾಲಿನವರು.
ಕೆಂಬಂಡೆ ಎಫ್.ಸಿ., ಹುಟ್ಟಿ ಎರಡೇ ವರ್ಷ,
ಬಳ್ಳಾರಿ ಅಂತ ಎದೆ ಮೇಲೆ, ಆಟವೆಲ್ಲ ಪರಸ್ಥಳದಲ್ಲಿ.
ಈಗ ಇಲ್ಲೇ ಸ್ಟೇಡಿಯಂ ಆಗಬೇಕಂತೆ,
ಇಪ್ಪತ್ತು ಸಾವಿರ ಕುರ್ಚಿ, ನೆರಳು ಸಮೇತ.
'ನೆರಳು ಮೊದಲು ಕಟ್ರಿ ಸಾರ್,' ಅಂದ ಡ್ರೈವರ್ ಪೆನ್ನೋಬಳಿ,
'ಆಟ ಆಮೇಲೆ ನೋಡೋಣ.'
ಏಪ್ರಿಲ್ಲು. ನಕ್ಕರೂ ಬೆವರು.

ಮೊದಲು ಹಗರಿಯ ಕಡೆ ಎರೆಹೊಲ.
ಹತ್ತಿ ಬಿಡಿಸಿ ಮುಗಿದು ನೆಲ ಬಾಯಿ ಬಿಟ್ಟಿತ್ತು;
ಬಿರುಕಿಗೆ ಜಾರಿದ ನನ್ನ ಪೆನ್ನು
ಬಿದ್ದ ಸದ್ದೂ ಕೊಡಲಿಲ್ಲ.
ಮೇಲೆ ಹೆಂಚು, ಒಂದಾಳು ಇಳಿದರೆ ಬೆಣ್ಣೆ.
ಆರು. ಮತ್ತೆ ಆರು.
ಬಿಸಿಲಿಗೆ ಕುಗ್ಗಿ, ಮಳೆಗೆ ಉಬ್ಬಿ, ಉಸಿರಾಡುವ ಮಣ್ಣು ಅದು.
ಅದರ ಬೆನ್ನ ಮೇಲೆ ಇಪ್ಪತ್ತು ಸಾವಿರ ಜನ
ಗೋಲಿಗೆ ಒಮ್ಮೆಗೇ ಎದ್ದು ನಿಂತರೆ?
ಇಂಜಿನಿಯರ್ ಫ್ಲೋರಿನಾ ಮೇಡಂ ತಲೆಯಾಡಿಸಿದರು, ಅಡ್ಡಕ್ಕೆ.

ಬೈಪಾಸ್ ಪಕ್ಕದ್ದು ಅದಿರಿನ ಹಳೇ ಯಾರ್ಡು,
ಲಾರಿ ನಿಂತು ನಿಂತು ಬಿಗಿದ ಕೆಂಪು.
ಒಂದು ಕಡೆ ಹದಿನೇಳು, ಹತ್ತು ಮಾರು ದಾಟಿದರೆ ಎರಡು.
ಯಾರು ಏನು ಹುಗಿದಿದ್ದಾರೋ,
ಟೈರಿನ ಚೂರು ಮೇಲೆ ಬಂತು, ಹರಿದ ಪರ್ಮಿಟ್ಟು ಮೇಲೆ ಬಂತು.
ಓನರ್ ಕಡೆಯವರಿಗೆ ಬಿಳಿ ಶೂ;
ಮಧ್ಯಾಹ್ನದ ಹೊತ್ತಿಗೆ ಆ ಬಣ್ಣ ಇರಲಿಲ್ಲ.
'ಪಾರ್ಕಿಂಗ್ ಎಷ್ಟು ಬೇಕಾದರೂ ಸಿಗುತ್ತೆ' ಎಂದರು.

ಆಮೇಲೆ ಸಂಗನಕಲ್ಲಿನ ದಾರಿ, ಬೇಲಿಯಿಂದ ಈಚೆ.
ಐವತ್ತು ಪೆಟ್ಟಿಗೂ ಕೊಳವೆ ಒಂದು ಬೆರಳು ಇಳಿಯಲಿಲ್ಲ.
ಬಿದ್ದಾಗಲೆಲ್ಲ ಅಡಿಯ ಬಂಡೆ
ಕಂಚಿನ ತಾಟಿನ ಹಾಗೆ ಖಣ್ ಅಂತು.
ಆ ಗುಡ್ಡದಲ್ಲಿ ಬಾರಿಸಿದರೆ ನುಡಿಯುವ ಕಲ್ಲುಗಳಿವೆ,
ಕಲ್ಲೇ ಕೊಡಲಿಯಾಗಿದ್ದ ಕಾಲದವರು
ಬಾರಿಸಿ ಬಾರಿಸಿ ಕುಳಿ ಬಿದ್ದವು.
ಮೇಡಂ ಬರೆದುಕೊಂಡರು: ಅಡಿಪಾಯಕ್ಕೆ ಉತ್ತಮ.
ನಮ್ಮ ಪುಸ್ತಕದಲ್ಲಿ ಅದಕ್ಕೆ ರಿಫ್ಯೂಸಲ್ ಅನ್ನುತ್ತಾರೆ.
ನಾನು ಬರೆದೆ: ಒಲ್ಲೆ ಅಂತು.

ನಾಲ್ಕನೆಯದು ಪಟ್ಟಿಯಲ್ಲಿರಲಿಲ್ಲ.
ಕೌಲ್‌ಬಜಾರಿನ ಹಿಂದೆ, ಜೀನ್ಸ್ ಒಣಹಾಕುವ ಹಗ್ಗಗಳ ಆಚೆ,
ನಾಲ್ಕು ಜನರ ಹೆಸರಲ್ಲಿ ಮೂರು ಕೇಸು ನಡೆಯುವ ಜಾಗ.
ವಾಪಸಾಗುವಾಗ ಪೆನ್ನೋಬಳಿಗೆ ಗಾಡಿ ನಿಲ್ಲಿಸು ಅಂದೆ.
ಇಲ್ಲಿ ನಾನು ಹನ್ನೊಂದು ವರ್ಷ ಗೋಲು ಕಾದವನು.
ನನ್ನ ಒಂಬತ್ತು ಬೆರಳು ನೆಟ್ಟಗಿವೆ.

ಹುಡುಗರು ಆಟ ಬಿಟ್ಟು ಸುತ್ತ ನಿಂತರು,
ವಾಷಿಂಗ್ ಯೂನಿಟ್ಟಿನಿಂದ ನೇರ ಬಂದವರು, ಮೊಣಕೈ ತನಕ ನೀಲಿ.
'ಏನೆಣಸ್ತೀಯಣ್ಣ, ಗೋಲಾ?'
ಗೋಲಿಗೆ ಗುರುತು ಅಂತ ಇಟ್ಟ ಚಪ್ಪಲಿ ಸರಿಸಿ
ಅಲ್ಲೇ ಮುಕ್ಕಾಲಿ ನಿಲ್ಲಿಸಿದೆ.
ಅವರೇ ಹಗ್ಗ ಎಳೆದರು, ಅವರೇ ಎಣಿಸಿದರು,
ಒಬ್ಬ ತೆಲುಗಿನಲ್ಲಿ, ಒಬ್ಬ ಉರ್ದುವಿನಲ್ಲಿ,
ಇಪ್ಪತ್ತರ ಹತ್ತಿರ ಜಗಳವಾಯಿತು,
ನನ್ನ ಲೆಕ್ಕವೇ ಉಳಿಯಿತು.
ಮೂವತ್ತನಾಲ್ಕು.
ಯಾವತ್ತೂ ರೋಲರ್ ಕಾಣದ ನೆಲ.

ರಿಪೋರ್ಟು ಹೋಯಿತು. ಬೈಪಾಸೇ ಆಯಿತು.
ಎರಡು ಬಂದ ಕಡೆ ಪೈಲು ಇಳಿಸುತ್ತಾರೆ, ಹದಿನೆಂಟು ಮೀಟರು;
ಗಟ್ಟಿಯಾಗೇ ನಿಲ್ಲುತ್ತದೆ, ಅನುಮಾನ ಬೇಡ.
ಮೊದಲ ಮ್ಯಾಚಿಗೆ ಟಿಕೀಟು ಕೊಂಡು ಹೋಗುತ್ತೇನೆ,
ಗೋಲಿನ ಹಿಂದೆ ಕೂರುತ್ತೇನೆ.

ತೋಡಿದ ತೂತು ಮುಚ್ಚಬೇಕು, ಅದು ಕಾಯ್ದೆ.
ಭಾನುವಾರ ಒಂದು ಬುಟ್ಟಿ ಮರಳು ಹಿಡಿದು ಕೌಲ್‌ಬಜಾರಿಗೆ ಹೋದರೆ
ತೂತಿನಲ್ಲಿ ಬಿದಿರು ನೆಟ್ಟಾಗಿದೆ, ನೆಟ್ಟಗೆ, ಅಲ್ಲಾಡದಂತೆ.
ಆಚೆ ಬದಿಗೆ ಇನ್ನೂ ಚಪ್ಪಲಿ.
'ಅಣ್ಣಾ, ಬಂದ್ಯಾ?
ಮಿಷನ್ ಎಲ್ಲಿ? ಆ ಕಡೀಗೂ ಒಂದು ಎಣಿಸು.'