ಚೆಕ್ಕುಬಂದಿ

ಮೂವತ್ತೆಂಟು ವರ್ಷ ಬೇರೆಯವರ ಜಾಗ ಬರೆದವನು ನಾನು.
ಮಂಜೇಶ್ವರದ ರಿಜಿಸ್ಟ್ರಾರ್ ಕಚೇರಿಯೆದುರು
ಒಂದು ಬೆಂಚು, ಮಸಿ ಕುಡಿದ ಒಂದು ಮೇಜು.
ನನ್ನ ಕೈಬರಹದಲ್ಲಿ ಎಷ್ಟೋ ಎಕ್ರೆ ಕೈ ಬದಲಿಸಿದವು,
ಒಂದು ಸೆಂಟ್ಸೂ ನನ್ನ ಕೈಗಂಟಲಿಲ್ಲ.

ಈಗ ಪೆನ್ನು ಬೇಡವಂತೆ. ತೆರೆಯ ಮೇಲೆ ತುಂಬಿದರೆ ಸಾಕಂತೆ.
ಉಪ್ಪಳಕ್ಕೆ ಹೋದೆ, ಸಫ್ವಾನಾಳ ಅಂಗಡಿಗೆ,
ಮೀನು ಮಾರ್ಕೆಟ್ಟಿನ ಮೇಲಿನ ಮಾಳಿಗೆ.
ಹಳೆ ಲ್ಯಾಪ್‌ಟಾಪುಗಳು ಹಲಸಿನ ಹಪ್ಪಳದ ಕಟ್ಟಿನಂತೆ
ಒಂದಕ್ಕೊಂದು ಅಂಟಿ ಕೂತಿದ್ದವು.

ಹನ್ನೊಂದೂವರೆ ಸಾವಿರ, ಅಂದಳು.
ಮೊದಲು ಚೆಕ್ಕುಬಂದಿ ಹೇಳು, ಅಂದೆ.
ಅವಳು ನಗಲಿಲ್ಲ. ಅದು ನನಗೆ ಹಿಡಿಸಿತು.

ಪೂರ್ವಕ್ಕೆ: ಚಾರ್ಜರಿನ ದುಂಡು ತೂತು.
ಪಶ್ಚಿಮಕ್ಕೆ: ಯುಎಸ್‌ಬಿ ಎರಡು, ಒಂದರ ನಾಲಗೆ ನೀಲಿ,
ನೀಲಿಯಲ್ಲಿ ಬೇಗ, ಕರಿಯಲ್ಲಿ ನಿಧಾನ;
ಅದರಾಚೆ ಎಚ್‌ಡಿಎಂಐ, ಟೀವಿಗೆ ಹೋಗುವ ನಡೆದಾರಿ.
ಉತ್ತರಕ್ಕೆ: ಬಿಜಾಗರಿ, ಹಿಂದೆ ಬಿಸಿಗಾಳಿಯ ಕಂಡಿ.
ದಕ್ಷಿಣಕ್ಕೆ: ನಿಮ್ಮ ಹೊಟ್ಟೆ.
ಆಗ ನಾನೇ ನಕ್ಕೆ.

ವಿಸ್ತೀರ್ಣ ಹದಿನೈದು ಪಾಯಿಂಟ್ ಆರು ಇಂಚು,
ಮೂಲೆಯಿಂದ ಮೂಲೆಗೆ, ಓರೆಯಾಗಿ ಅಳೆದದ್ದು.
ನಮ್ಮ ಕಡೆ ಯಾರಾದರೂ ಹಾಗೆ ಜಾಗ ಅಳೆದಿದ್ದರೆ
ಸರಪಳಿ ಬಿಟ್ಟು ಓಡಬೇಕಿತ್ತು.

ರ‍್ಯಾಮ್ ಅಂದರೆ?
ನಿಮ್ಮ ಮೇಜು, ಅಂದಳು. ಅಗಲ ಇದ್ದಷ್ಟು ಕಡತ ಹರಡಬಹುದು,
ಸಂಜೆ ಬೀಗ ಹಾಕಿದರೆ ಅದರ ಮೇಲೆ ಏನೂ ಉಳಿಯದು.
ಹಾಗಾದರೆ ಎಸ್‌ಎಸ್‌ಡಿ ರೆಕಾರ್ಡು ಕೋಣೆ?
ಹೌದು. ಹಳೆ ಹಾರ್ಡ್ ಡಿಸ್ಕು ತಟ್ಟೆ ತಿರುಗಿಸಿ ಹುಡುಕುತ್ತಿತ್ತು—
ನಮ್ಮ ಪ್ಯೂನ್ ಕೊರಗಪ್ಪ ಏಣಿ ಹತ್ತಿ, ಕೆಮ್ಮಿ,
ಧೂಳು ಕೊಡವಿ, ತಪ್ಪು ಕಟ್ಟು ಇಳಿಸಿ, ಮತ್ತೆ ಹತ್ತಿದ ಹಾಗೆ.
ಇದರಲ್ಲಿ ಏಣಿಯಿಲ್ಲ. ಕೆಮ್ಮೂ ಇಲ್ಲ.
ಸೇವ್ ಅಂದರೆ ನೋಂದಣಿ. ಒತ್ತದಿದ್ದರೆ ಬರೇ ಬಾಯಿಮಾತು.

ಅಂಟುಚೀಟಿಯಲ್ಲಿ ಎಂಟು ಜಿಬಿ.
ತೆರೆಯಲ್ಲಿ ನಾಲ್ಕು.

ಇದು ನನ್ನ ಬೆನ್ನುಹುರಿಗೆ ಗೊತ್ತು.
ಪತ್ರದಲ್ಲಿ ಎಂಟು, ನೆಲದಲ್ಲಿ ನಾಲ್ಕು.
ಇಂಥ ವ್ಯತ್ಯಾಸಕ್ಕೆ ಅಣ್ಣ ತಮ್ಮ ಒಂದೇ ಬಾವಿಗೆ
ಎರಡು ರಾಟೆ ಹಾಕಿಸಿದ್ದನ್ನು ಕಂಡಿದ್ದೇನೆ,
ಎರಡೂ ಕಡೆಯ ಅರ್ಜಿ ನಾನೇ ಬರೆದಿದ್ದೇನೆ.

ಸಫ್ವಾನಾ ಮಾತಾಡದೆ ಯಂತ್ರ ಮಗುಚಿದಳು.
ಬಿಚ್ಚಿದ ತಿರುಪು ಒಂದೊಂದೂ ಚಾ ಸಾಸರಿಗೆ, ಟಿಣ್.
ಒಳಗೆ ಹಸಿರು ಹಲಗೆ,
ಗುಡ್ಡದ ಮೇಲಿಂದ ಕಂಡ ಬೈಲು, ಹುಣಿ ಹುಣಿ.
ನಡುವೆ ಪ್ರೊಸೆಸರು, ನಾಲ್ಕು ಕೋರು,
ಒಂದೇ ಕುರ್ಚಿಯಲ್ಲಿ ನಾಲ್ಕು ಗುಮಾಸ್ತರು;
ಅವರ ತಲೆಬಿಸಿಗೆ ಒಂದು ಪುಟ್ಟ ಫ್ಯಾನು.
ರ‍್ಯಾಮಿನ ಗೂಡು ಎರಡು. ಒಂದರಲ್ಲಿ ನಾಲ್ಕರ ಪಟ್ಟಿ.
ಇನ್ನೊಂದರಲ್ಲಿ ಪಟ್ಟಿ ಇದ್ದ ಜಾಗ,
ಧೂಳು ಕೂರದ ಒಂದು ಉದ್ದ ಗೆರೆ.

ಯಾರೋ ತೆಗೆದಿದ್ದಾರೆ, ನಾನು ನೋಡಲಿಲ್ಲ, ಅಂದಳು.
ಕಿವಿಯವರೆಗೂ ಕೆಂಪು.
ಡ್ರಾಯರಿನಿಂದ ಇನ್ನೊಂದು ತೆಗೆದು ಓರೆಗೆ ಸಿಕ್ಕಿಸಿ ಒತ್ತಿದಳು.
ಟಕ್.
ಹಣದ ಮಾತೆತ್ತಲಿಲ್ಲ. ನಾನೂ.

ಋಣಭಾರ ಕೇಳಿದೆ. ಬ್ಯಾಟರಿ
ಆರುನೂರ ಹನ್ನೆರಡು ಸಲ ತುಂಬಿ ಬರಿದಾಗಿದೆ,
ಒಂದೂವರೆ ಗಂಟೆ ನಿಂತೀತು.
ಅಡ್ಡಿಯಿಲ್ಲ, ಅಷ್ಟರಲ್ಲಿ ನನಗೂ ಒಂದು ಚಾ ಬೇಕು.
ಕ್ಯಾಮರಾದ ಕಣ್ಣಿಗೆ ಹಿಂದಿನವರು ಯಾರೋ
ಮೆರೂನ್ ಬೊಟ್ಟು ಅಂಟಿಸಿದ್ದರು.
ಉಗುರಿನಿಂದ ಕೀಳಹೊರಟಳು. ಬಿಡು, ಅಂದೆ,
ಅದು ಅವರ ಅನುಭೋಗ.

ಕೀಲಿಗಳ ಮೇಲೆ ಕನ್ನಡ ಇಲ್ಲ. ಮಲಯಾಳವೂ ಇಲ್ಲ.
ಆ ಮಟ್ಟಿಗೆ ತಕರಾರಿಲ್ಲ.
ಎಫ್ ಮುಟ್ಟಿ, ಅಂದಳು. ಈಗ ಜೆ.
ಬೆರಳ ತುದಿಗೆ ಒಂದೊಂದು ಸಣ್ಣ ಗೀರು,
ಕತ್ತಲಲ್ಲೂ ಕೈ ದಾರಿ ತಪ್ಪದಿರಲಿ ಎಂದು.

ಸರ್ವೆ ಕಲ್ಲು!
ಮುಳ್ಳುಪೊದೆ ಸರಿಸಿ ಎಷ್ಟು ಹುಡುಕಿದ್ದೇನೆ ಇವನ್ನು,
ರಾತ್ರೋರಾತ್ರಿ ನಾಲ್ಕು ಮಾರು ನಡೆದಿರುತ್ತಿದ್ದವು.

ಕೆಳಗೆ ಬಂಗುಡೆಯ ದರ ಕೂಗುತ್ತಿದ್ದರು.
ಮೊದಲ ಶಬ್ದ ಯಾವುದೆಂದು ಯೋಚಿಸಬೇಕಿರಲಿಲ್ಲ: ಪೂರ್ವಕ್ಕೆ.
ಜೆಯ ಎಡಗಡೆಯ ಮನೆಯಲ್ಲೇ ಸಿಕ್ಕಿತು ಪ.
ಅದರ ಕೊಂಬು ಎಲ್ಲಿದೆಯೋ,
ಹುಡುಕುತ್ತಿದ್ದೇನೆ. ಅವಳು ಕಾಯುತ್ತಿದ್ದಾಳೆ.