ಹದಿನೇಳನೆಯ ಬಾಟಲಿ

ಬೀರ್ಜಂದಿನ ಆಸ್ಪತ್ರೆ, ಎರಡನೇ ಮಹಡಿ.
ನನ್ನ ಕೆಲಸ ಎಣಿಸುವುದು:
ಕೊಟ್ಟ ಗುಳಿಗೆ ಎಷ್ಟು, ಉಳಿದದ್ದೆಷ್ಟು.
ಯಾವುದರೊಳಗೆ ಕೇಸರಿ, ಯಾವುದರೊಳಗೆ ಬರೀ ಹಿಟ್ಟು,
ನನಗೂ ಗೊತ್ತಿರಬಾರದು. ಅದೇ ನಿಯಮ.

ಹದಿನೇಳನೆಯ ಬಾಟಲಿ ತೂಬಾ ಖಾನಂ ಅವರದು.
ಕಾಯೆನ್ ಕಡೆಯ ಹಳ್ಳಿ, ಅರವತ್ತೆಂಟು ವರ್ಷ.
ಹತ್ತನೇ ವಯಸ್ಸಿನಿಂದ ಹೂ ಬಿಡಿಸಿದ ಬೆರಳು,
ಉಗುರಿನ ಸಂದಿ ಈಗಲೂ ಅರಿಸಿನ.
ಬಿಸಿಲೇರುವ ಮೊದಲು ಕೊಯ್ಯಬೇಕು,
ಬಾಡುವ ಮೊದಲು ಬಿಡಿಸಬೇಕು,
ಹೂವೊಂದಕ್ಕೆ ಮೂರೇ ಎಳೆ.
"ಆ ಮೂರು ವಾರ ನಮ್ಮೂರಲ್ಲಿ
ನಿದ್ದೆ ಮಾಡುವುದು ಕತ್ತೆಗಳು ಮಾತ್ರ."
ಹೊಲ ಮಾರಿ ಆರು ವರ್ಷವಾಯಿತು.
ಎಚ್ಚರವನ್ನು ಯಾರೂ ಕೊಳ್ಳಲಿಲ್ಲ.

ಕಳೆದ ವಾರ ಎಷ್ಟು ಸಲ ಅತ್ತಿರಿ?
"ಈರುಳ್ಳಿ ಹೆಚ್ಚಿದ್ದೂ ಸೇರಿಸಬೇಕೇನು?"
ಮನಸ್ಸು ಹಗುರವಾಗಿತ್ತೇ? ಸೊನ್ನೆಯಿಂದ ಮೂರರೊಳಗೆ ಹೇಳಿ.
"ಕೇಸರಿ ಅತಿಯಾದರೆ ನಗುತ್ತ ನಗುತ್ತಲೇ
ಸಾಯುತ್ತಾರೆ ಅನ್ನುತ್ತಿದ್ದಳು ನಮ್ಮಜ್ಜಿ.
ನಾನಿನ್ನೂ ಅಷ್ಟು ದೂರ ಹೋಗಿಲ್ಲ. ಒಂದೂವರೆ ಬರಿ."
ನಮೂನೆಯಲ್ಲಿ ಒಂದೂವರೆಗೆ ಚೌಕವಿಲ್ಲ.

ಎಂಟನೇ ವಾರ ಲೆಕ್ಕ ತಪ್ಪಿತು.
ಒಂದು ಗುಳಿಗೆ ಕಡಿಮೆ.
"ಒಡೆದು ನೋಡಿದೆ, ಮಗಳೇ. ಮೂಸಿದೆ. ನಾಲಿಗೆಗಿಟ್ಟೆ.
ಹಿಟ್ಟು."

ಆ ಮೂಗಿಗೆ ನಮ್ಮ ನಿಯಮವನ್ನು ಹೇಗೆ ಹೇಳುವುದು?

"ಆದರೂ ನಿದ್ದೆ ಬರುತ್ತಿದೆ. ಯಾಕೆ ಹೇಳು?"
ಪೆನ್ನಿನ ಮುಚ್ಚಳ ತೆಗೆದೆ, ಹಾಕಿದೆ.
"ದಿನಾ ರಾತ್ರಿ ಒಂಬತ್ತಕ್ಕೆ ಫೋನ್ ಮಾಡಿ
'ತಗೊಂಡ್ರಾ ಖಾನಂ?' ಅಂತ ಕೇಳುತ್ತಿದ್ದವಳು ಯಾರು?"

'ಒಂದು ಗುಳಿಗೆ ನೆಲಕ್ಕೆ ಬಿದ್ದು ಹಾಳಾಗಿದೆ' ಎಂದು ಬರೆದೆ.
ಇವತ್ತಿಗೆ ಮುಗಿಯಿತು. ಹೆಸರು, ನಂಬರುಗಳ ಪಟ್ಟಿ
ಕಪಾಟಿಗೆ ಹೋಗಿ ಬೀಗ ಬೀಳುತ್ತದೆ.
ಏಳುವಾಗ ಮೇಜಿನ ಮೇಲೊಂದು ಕಾಗದದ ಪೊಟ್ಟಣವಿಟ್ಟರು:
"ತಂಗಿಯ ಹೊಲದ್ದು. ನಿನ್ನ ಕಣ್ಣ ಕೆಳಗೆ ಕಪ್ಪಾಗಿದೆ."

ಈಗ ರಾತ್ರಿ ಒಂಬತ್ತು.
ಬಿಸಿನೀರಿಗೆ ಮೂರು ಎಳೆ ಹಾಕಿ ಕೂತಿದ್ದೇನೆ.
ನಕಲಿಯಾಗಿದ್ದರೆ ಕೂಡಲೇ ಕೆಂಪಾಗುತ್ತಿತ್ತು.
ಇದು ತಡ ಮಾಡುತ್ತಿದೆ,
ಎಳೆಯ ತುದಿಯಲ್ಲಿ ಹಳದಿಯ ಒಂದು ಗೆರೆ
ಇಳಿಯಲೋ ಬೇಡವೋ ಅಂತ.
ಪಟ್ಟಿ ಕಪಾಟಿನಲ್ಲಿದೆ.
ಅವರ ನಂಬರು ಮಾತ್ರ ಬಾಯಿಗೇ ಬರುತ್ತದೆ.